ಓಬೊ ದಾ ಕಾಚಾ: ಚರ್ಮ ಹೊದ್ದ ಬಾಗು ವಾದ್ಯ

ಓಬೊ ದಾ ಕಾಚಾ 18ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಲೈಪ್ಜಿಗ್‌ನಲ್ಲಿ ರೂಪುಗೊಂಡ ಸುಷಿರ ವಾದ್ಯ. ಅದು ಓಬೊ ಕುಲಕ್ಕೆ ಸೇರಿದ್ದು. ನಾಗಸ್ವರ, ಶಹನಾಯಿಗಳಂತೆ ಇದರಲ್ಲೂ ಊದುವ ತುದಿಯ ಜೋಡಿ ಪಟ್ಟಿಗಳು ಕಂಪಿಸಿ ನಾದ ಹುಟ್ಟುತ್ತದೆ. ಸಾಮಾನ್ಯ ಓಬೊಗಿಂತ ಇದರ ಶ್ರುತಿ ಒಂದು ಪಂಚಮದಷ್ಟು ಕೆಳಗೆ.

ಇದನ್ನು ರೂಪಿಸಿದವನು ಯೊಹಾನ್ ಹೈನ್ರಿಶ್ ಐಶೆನ್‌ಟಾಫ್ ಎಂದು ನಂಬಲಾಗಿದೆ. ಅವನು ಮರದ ವಾದ್ಯಗಳನ್ನೂ ಹಿತ್ತಾಳೆಯ ವಾದ್ಯಗಳನ್ನೂ ಮಾಡುತ್ತಿದ್ದ ಕುಶಲಿ. ಎರಡೂ ವಿದ್ಯೆ ಈ ಒಂದು ವಾದ್ಯದಲ್ಲಿ ಕೂಡಿವೆ. ಮೊದಲು ನೇರವಾದ ಮರದ ಕೊಳವೆಯನ್ನು ಕಡೆದು ಒಳಗೆ ರಂಧ್ರ ಕೊರೆಯುತ್ತಿದ್ದರು. ಆಮೇಲೆ ಅದರ ಒಂದು ಮಗ್ಗುಲಿಗೆ ಗರಗಸದಿಂದ ಸಾಲಾಗಿ ಗೀರು ಹಾಕುತ್ತಿದ್ದರು. ಗೀರುಗಳು ಒಳರಂಧ್ರವನ್ನೂ ದಾಟಿ ಹೋಗುತ್ತಿದ್ದವು. ಬಳಿಕ ಹಬೆಯಲ್ಲಿ ಕಾಯಿಸಿ ಬಗ್ಗಿಸಿದಾಗ ಗೀರುಗಳು ಮುಚ್ಚಿಕೊಂಡು ಕೊಳವೆ ಬಿಲ್ಲಿನಂತೆ ಬಾಗುತ್ತಿತ್ತು. ಬಾಗಿನ ಒಳಬದಿಗೆ ಮರದ ಪಟ್ಟಿ ಅಂಟಿಸಿ, ಗಾಳಿ ಸೋರದಂತೆ ಮೇಲೆ ಚರ್ಮ ಹೊದಿಸಿ, ತುದಿಗೆ ಅಗಲ ಬಾಯಿಯ ಹಿತ್ತಾಳೆ ಗಂಟೆ ಜೋಡಿಸಿದರೆ ವಾದ್ಯ ಸಿದ್ಧ. ಒಳ್ಳೆಯ ಕೊಳವೆಯನ್ನು ತಾನೇ ಕೊಯ್ದು ಮತ್ತೆ ಕೂಡಿಸುವ ಈ ಧೈರ್ಯ ಮೆಚ್ಚಬೇಕಾದದ್ದು.

1723ರಲ್ಲಿ ಲೈಪ್ಜಿಗ್‌ಗೆ ಬಂದ ಯೊಹಾನ್ ಸೆಬಾಸ್ಟಿಯನ್ ಬಾಖ್ ಅದೇ ವರ್ಷ ತನ್ನ ಚರ್ಚ್ ಕೃತಿಗಳಲ್ಲಿ ಇದನ್ನು ಬಳಸತೊಡಗಿದ. ಕ್ರಿಸ್ಮಸ್ ಒರಟೋರಿಯೊದ ಎರಡನೇ ಭಾಗದಲ್ಲಿ ಕುರುಬರ ವಾತಾವರಣ ಕಟ್ಟಲು ಈ ವಾದ್ಯದ ಜೋಡಿಯಿದೆ. ಆದರೆ ಇದರ ನಿಜವಾದ ಶಕ್ತಿ ಕಾಣುವುದು 1727ರ ಸಂತ ಮತ್ತಾಯನ ಪ್ಯಾಶನ್‌ನಲ್ಲಿ. ಪ್ರೀತಿಗಾಗಿ ಸಾಯಲಿರುವ ರಕ್ಷಕನನ್ನು ಕುರಿತ ಸೊಪ್ರಾನೊ ಗೀತೆಗೆ ಆರ್ಗನ್ನಿನ ಆಸರೆಯಿಲ್ಲ, ಮಂದ್ರದ ತಂತಿವಾದ್ಯವೂ ಇಲ್ಲ. ಮೇಲೆ ಒಂದು ಕೊಳಲು, ಕೆಳಗೆ ಬಿಡಿಬಿಡಿಯಾಗಿ ಸ್ವರ ನುಡಿಸುವ ಎರಡು ಓಬೊ ದಾ ಕಾಚಾ, ನಡುವೆ ಹಾಡುವ ದನಿ. ತಳಪಾಯವನ್ನೇ ತೆಗೆದ ಆ ಸಂಗೀತದ ನಿರಾಶ್ರಿತ ಭಾವಕ್ಕೆ ಈ ವಾದ್ಯದ ಮುಸುಕಿದ ನಾದದಷ್ಟು ಒಪ್ಪುವಂಥದ್ದು ಬೇರೊಂದಿಲ್ಲ.

ಬಾಖ್‌ನ ಕಾಲದ ನಂತರ ವಾದ್ಯ ಬಳಕೆ ತಪ್ಪಿತು. ಅದರ ಪಾತ್ರಗಳನ್ನು ಇಂಗ್ಲಿಷ್ ಹಾರ್ನ್‌ನಲ್ಲಿ ನುಡಿಸುವ ರೂಢಿ ಬಂತು. ಮೂಲ ವಾದ್ಯ ಹೇಗಿತ್ತೆಂಬುದರಲ್ಲಿ ವಿದ್ವಾಂಸರಿಗೇ ಒಮ್ಮತವಿರಲಿಲ್ಲ. ಐಶೆನ್‌ಟಾಫ್ 1724ರಲ್ಲಿ ಮಾಡಿದ ಎರಡು ವಾದ್ಯಗಳು ಸ್ಟಾಕ್‌ಹೋಮ್ ಮತ್ತು ಕೋಪನ್‌ಹೇಗನ್‌ಗಳ ಸಂಗ್ರಹಾಲಯಗಳಲ್ಲಿ ಉಳಿದಿದ್ದವು. 1973ರಲ್ಲಿ ಸ್ವೀಡನ್ನಿನ ಸಂಶೋಧಕ ರೈನೆ ಡಾಲ್ಕ್ವಿಸ್ಟ್ ಪ್ರಕಟಿಸಿದ ಲೇಖನ ಈ ಗೊಂದಲ ಬಿಡಿಸುವಲ್ಲಿ ಮುಖ್ಯವಾಯಿತು. ಆ ದಶಕದಲ್ಲೇ ಹಳೆಯ ಮಾದರಿಯ ಪ್ರತಿಕೃತಿಗಳು ತಯಾರಾಗಿ, ನಿಕೊಲಾಸ್ ಹಾರ್ನೊನ್‌ಕೋರ್ಟ್‌ರಂಥವರ ಬಾಖ್ ಧ್ವನಿಮುದ್ರಣಗಳಲ್ಲಿ ನುಡಿದವು.

ಸ್ವರಲಿಪಿ ಇನ್ನೂರು ವರ್ಷ ಎಲ್ಲರ ಕಣ್ಣೆದುರಿಗಿದ್ದರೂ ಬಗೆಹರಿಯದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಗಾಜಿನ ಪೆಟ್ಟಿಗೆಯಲ್ಲಿದ್ದ ಮರ, ಚರ್ಮ, ಹಿತ್ತಾಳೆಗಳಲ್ಲಿ. ಆದ್ದರಿಂದ ಪ್ರಾಚೀನ ವಾದ್ಯಗಳ ಅಧ್ಯಯನದಲ್ಲಿ ಗ್ರಂಥಾಧಾರಕ್ಕೆ ಸಲ್ಲುವ ಸ್ಥಾನವೇ ವಾದ್ಯವನ್ನು ಅಳೆದು, ಕಡೆದು, ಊದಿ ನೋಡಿದವರ ಅನುಭವಕ್ಕೂ ಸಲ್ಲಬೇಕು.