ಮಂಡಿ ಬದಲಾಯಿಸಿದ ಮೇಲೂ ಉಳಿಯುವ ನೋವು



ಮಂಡಿಯ ಕೀಲನ್ನು ಬದಲಾಯಿಸುವ ಶಸ್ತ್ರಚಿಕಿತ್ಸೆಯು ಇಂದು ಪಟ್ಟಣದವರಿಗೆ ಮಾತ್ರ ಮೀಸಲಾಗಿಲ್ಲ. ನಮ್ಮ ಗ್ರಾಮಗಳ ಹಿರಿಯರೂ ಇದನ್ನು ಮಾಡಿಸಿಕೊಳ್ಳುತ್ತಿದ್ದಾರೆ. ಆದರೆ, "ಇಷ್ಟೆಲ್ಲ ಖರ್ಚು ಮಾಡಿದರೂ ಇನ್ನೂ ನೋವು ಎನ್ನುತ್ತೀಯಲ್ಲ" ಎಂಬ ಮಾತಿಗೆ ಅಂಜಿ ನೋವನ್ನು ಮುಚ್ಚಿಡುವವರು ಅನೇಕರಿದ್ದಾರೆ. ಹೀಗೆ ಮುಚ್ಚಿಡುವುದರಿಂದ ಅಪಾಯವುಂಟು. ಆದುದರಿಂದ ಈ ನೋವಿನ ಸ್ವರೂಪವನ್ನು ಪತಿಪತ್ನಿಯರಿಬ್ಬರೂ ಅರಿತಿರುವುದು ಅವಶ್ಯಕ.

ಈ ಚಿಕಿತ್ಸೆಯಲ್ಲಿ ತೊಡೆಯ ಮೂಳೆಯ ಕೆಳತುದಿಯಲ್ಲಿಯೂ ಕೆಳಗಾಲಿನ ಮೂಳೆಯ ಮೇಲ್ತುದಿಯಲ್ಲಿಯೂ ಸವೆದ ಭಾಗವನ್ನು ತೆಗೆದು, ಲೋಹದ ಹೊದಿಕೆಗಳನ್ನು ಕೂರಿಸಿ, ಅವುಗಳ ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆಯನ್ನಿಡುತ್ತಾರೆ. ಕೀಲು ಹೊಸದಾದರೂ ಸುತ್ತಲಿನ ಸ್ನಾಯುಗಳೂ ನರಗಳೂ ಹಳೆಯವೇ. ವರ್ಷಗಟ್ಟಲೆ ನೋವುಂಡು ಸೊರಗಿದ ತೊಡೆಯ ಸ್ನಾಯುಗಳು ಬಲಗೊಳ್ಳಲು ಕಾಲಾವಕಾಶ ಬೇಕು. ಸಾಮಾನ್ಯವಾಗಿ ಮೊದಲ 3 ತಿಂಗಳಲ್ಲಿ ನೋವು ಬಹುಮಟ್ಟಿಗೆ ಇಳಿಯುತ್ತದೆ. ಊತ ಮತ್ತು ಬಿಗಿತ ಪೂರ್ಣವಾಗಿ ಇಳಿಯಲು 1 ವರ್ಷವೂ ಹಿಡಿಯಬಹುದು. ಗಾಯದ ಕಲೆಯ ಪಕ್ಕದಲ್ಲಿ ಚರ್ಮವು ಜೋಮು ಹಿಡಿದಂತಿರುವುದೂ ಸಾಮಾನ್ಯವೇ. ಸುಮಾರು 10 ಮಂದಿಯಲ್ಲಿ ಒಬ್ಬರಿಗೋ ಇಬ್ಬರಿಗೋ ನೋವು ಬಹುಕಾಲ ಉಳಿಯುವುದುಂಟು. ಇದು ಸೋಮಾರಿತನವೂ ಅಲ್ಲ, ನಟನೆಯೂ ಅಲ್ಲ.

3 ತಿಂಗಳು ಕಳೆದರೂ ನೋವು ಇಳಿಯದಿದ್ದರೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ತೋರಿಸಿರಿ. ಕೀಲಿನ ಸಡಿಲಿಕೆ, ಒಳಗಿನ ಸೋಂಕು, ನರದ ತೊಂದರೆ ಇದಕ್ಕೆ ಕಾರಣವಾಗಿರಬಹುದು. ಕೆಲವೊಮ್ಮೆ ಸೊಂಟದ ಅಥವಾ ಬೆನ್ನಿನ ತೊಂದರೆಯೇ ಮಂಡಿನೋವಾಗಿ ಕಾಣಿಸಿಕೊಳ್ಳುತ್ತದೆ. ಎಕ್ಸ್-ರೇ ಮತ್ತು ರಕ್ತಪರೀಕ್ಷೆಗಳು ಕಾರಣವನ್ನು ಹುಡುಕಲು ನೆರವಾಗುತ್ತವೆ.

ಕೆಲವು ಲಕ್ಷಣಗಳು ಕಂಡಾಗ ಒಂದು ದಿನವೂ ಕಾಯಬಾರದು. ಮಂಡಿಯು ಕೆಂಪಾಗಿ ಬಿಸಿಯೇರುವುದು, ಗಾಯದಿಂದ ಕೀವು ಅಥವಾ ನೀರು ಒಸರುವುದು, ಜ್ವರ ಬರುವುದು, ಇಳಿದಿದ್ದ ನೋವು ಹಠಾತ್ತನೆ ಹೆಚ್ಚುವುದು, ಮೀನಖಂಡ ಊದಿಕೊಂಡು ನೋಯುವುದು, ಇವು ಅಂತಹ ಲಕ್ಷಣಗಳು. ಎದೆನೋವು ಅಥವಾ ಉಸಿರಾಟದ ತೊಂದರೆ ಕಂಡರೆ ಕೂಡಲೇ 108ಕ್ಕೆ ಕರೆಮಾಡಿರಿ.

ಅಪಾಯದ ಲಕ್ಷಣಗಳಿಲ್ಲದಿದ್ದಲ್ಲಿ ವ್ಯಾಯಾಮವೇ ಮುಖ್ಯವಾದ ಔಷಧಿ. ಕಾಲು ನೀಡಿ ಮಲಗಿ, ಮಂಡಿಯನ್ನು ಹಾಸಿಗೆಗೆ ಒತ್ತಿ 5 ಎಣಿಸುವವರೆಗೆ ಹಿಡಿದು ಬಿಡಿರಿ. ಹೀಗೆ 10 ಬಾರಿ, ದಿನಕ್ಕೆ 3 ಸಲ ಮಾಡಿರಿ. ಒಂದೇ ದಿನ ಬಹುದೂರ ನಡೆದು ಮರುದಿನ ಮಲಗುವುದಕ್ಕಿಂತ, ಪ್ರತಿದಿನ ಸ್ವಲ್ಪ ಸ್ವಲ್ಪ ನಡೆಯುವುದು ಲೇಸು. ಊತವಿದ್ದರೆ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಬಹುದು. ಮಂಡಿಯ ಅಡಿಯಲ್ಲಿ ದಿಂಬಿಟ್ಟು ಮಲಗಬೇಡಿರಿ. ಕಾಲು ಬಗ್ಗಿದಂತೆಯೇ ಬಿಗಿದುಕೊಳ್ಳುವ ಸಂಭವವುಂಟು. ಬರೆ ಹಾಕಿಸುವುದು, ಬಲವಾಗಿ ತಿಕ್ಕಿಸುವುದು, ಕಂಡಕಂಡಲ್ಲಿ ಕೀಲಿಗೆ ಚುಚ್ಚುಮದ್ದು ಹಾಕಿಸುವುದು ಸಲ್ಲದು. ನೋವಿನ ಗುಳಿಗೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಗಳು ಕೆಡಬಹುದು. ಸಕ್ಕರೆ ಕಾಯಿಲೆ ಇರುವವರು ಅದನ್ನು ಹತೋಟಿಯಲ್ಲಿಡಬೇಕು. ಸಕ್ಕರೆ ಹೆಚ್ಚಿದಷ್ಟೂ ಸೋಂಕಿನ ಭಯವೂ ಹೆಚ್ಚು.

ಇನ್ನು ಮನೆಯವರ ಕರ್ತವ್ಯ. ಪತ್ನಿಗೆ ಶಸ್ತ್ರಚಿಕಿತ್ಸೆಯಾಗಿದ್ದರೆ, ನೀರಿನ ಬಿಂದಿಗೆಯನ್ನು ಪತಿಯು ಹೊರುವುದು ಅವಮಾನವಲ್ಲ. ನೆಲದ ಒಲೆಯನ್ನು ಕಟ್ಟೆಯ ಮೇಲೇರಿಸಿರಿ. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂರುವ ಬದಲು ಕುರ್ಚಿಯನ್ನೂ, ಶೌಚಕ್ಕೆ ಎತ್ತರದ ಆಸನವನ್ನೂ ಒದಗಿಸಿರಿ. ಪತಿಗೆ ಶಸ್ತ್ರಚಿಕಿತ್ಸೆಯಾಗಿದ್ದರೆ, ಹೊಲದ ಕೆಲಸಕ್ಕೆ ಯಾವಾಗ ಮರಳಬಹುದೆಂಬುದನ್ನು ವೈದ್ಯರೇ ಹೇಳಲಿ. ಊರುಗೋಲನ್ನು ನೋವಿಲ್ಲದ ಕಾಲಿನ ಕಡೆಯ ಕೈಯಲ್ಲಿ ಹಿಡಿಯಬೇಕು.

ಬಹುಕಾಲದ ನೋವು ನಿದ್ರೆಯನ್ನೂ ಮನಸ್ಸಿನ ನೆಮ್ಮದಿಯನ್ನೂ ಕೆಡಿಸುತ್ತದೆ. ನಿದ್ರೆಗೆಟ್ಟು ಮನಸ್ಸು ಕುಗ್ಗಿದರೆ ನೋವು ಇಮ್ಮಡಿಸುತ್ತದೆ. ಹೀಗಾದಾಗ ಅದನ್ನೂ ವೈದ್ಯರಲ್ಲಿ ಸಂಕೋಚವಿಲ್ಲದೆ ಹೇಳಿರಿ, ಅದಕ್ಕೂ ಚಿಕಿತ್ಸೆಯಿದೆ. ಮುಂದಿನ ತಪಾಸಣೆಗೆ ಗಂಡಹೆಂಡತಿ ಇಬ್ಬರೂ ಜೊತೆಯಾಗಿ ಬನ್ನಿರಿ. ಆಸ್ಪತ್ರೆಯ ಚೀಟಿಗಳನ್ನೂ ಎಕ್ಸ್-ರೇ ಚಿತ್ರಗಳನ್ನೂ ತನ್ನಿರಿ. ನೋವು ಯಾವ ಹೊತ್ತಿನಲ್ಲಿ, ಯಾವ ಕೆಲಸ ಮಾಡುವಾಗ ಹೆಚ್ಚುತ್ತದೆ ಎಂಬುದನ್ನು ಗಮನಿಸಿ ತಿಳಿಸಿರಿ. ನಿಮ್ಮ ಆ ಮಾತಿನಿಂದಲೇ ಚಿಕಿತ್ಸೆಯ ದಾರಿ ತೆರೆಯುತ್ತದೆ.