ಪದವಿಯ ಪ್ರವೇಶ: ಗಡಿಯಾಚೆಯ ಕನ್ನಡ ಮಕ್ಕಳು ತಿಳಿದಿರಬೇಕಾದ ಸಂಗತಿಗಳು

(ಉಂಡವಳ್ಳಿಯಲ್ಲಿ ನೆರೆದ ಕನ್ನಡ ಬಂಧುಗಳ ಮುಂದೆ ಮಾಡಿದ ಭಾಷಣ)



  ಸೀಮೆಯ ಪ್ರಶ್ನೆಯನ್ನು ಕುರಿತು ಈ ಮಾಲೆಯಲ್ಲಿ ಅನೇಕ ಮಾತುಗಳು ಈಗಾಗಲೇ ಬಂದಿವೆ. ಇಂದು ನಾವು ಹೇಳಬಯಸುವುದು ಮನೆಮನೆಗೂ ತಟ್ಟುವ ಒಂದು ಚಿಕ್ಕ ವಿಷಯವನ್ನು. ಹನ್ನೆರಡನೆಯ ತರಗತಿಯನ್ನು ಮುಗಿಸಿದ ನಮ್ಮ ಮಗನಿಗೆ, ನಮ್ಮ ಮಗಳಿಗೆ ಪದವಿ ತರಗತಿಯಲ್ಲಿ ಸ್ಥಾನ ದೊರೆಯುವುದು ಹೇಗೆ? ಒಳ್ಳೆಯ ಅಂಕಗಳನ್ನು ಪಡೆದ ಮಕ್ಕಳು ಕೂಡ ಕೆಲವೊಮ್ಮೆ ಸ್ಥಾನ ದೊರೆಯದೆ ಹಿಂದಿರುಗುವುದೇಕೆ?

ಈ ಪ್ರಾಂತದ ಚರಿತ್ರೆಯನ್ನು ಎರಡು ಮಾತುಗಳಲ್ಲಿ ನೆನೆಯುವುದು ಅವಶ್ಯ. 1956ರ ನವೆಂಬರ್ 1ರವರೆಗೆ ಆಲಂಪುರ, ಗದ್ವಾಲ ತಾಲೂಕುಗಳೆರಡೂ ರಾಯಚೂರು ಜಿಲ್ಲೆಗೆ ಸೇರಿದ್ದವು. ರಾಜ್ಯ ಪುನರ್ವಿಂಗಡಣೆಯ ಕಾನೂನು ಆ ಜಿಲ್ಲೆಯನ್ನು ಮೈಸೂರಿಗೆ ಸೇರಿಸುವಾಗ ಈ ಎರಡು ತಾಲೂಕುಗಳನ್ನು ಬಿಟ್ಟು ಉಳಿದುದನ್ನು ಮಾತ್ರ ಸೇರಿಸಿತು. ಮಕ್ತಲ್, ನಾರಾಯಣಪೇಟೆಗಳು ಮಹಬೂಬನಗರ ಜಿಲ್ಲೆಯಲ್ಲಿಯೇ ಉಳಿದವು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯೂ, 2019ರಲ್ಲಿ ನಾರಾಯಣಪೇಟೆ ಜಿಲ್ಲೆಯೂ ರಚಿತವಾದವು. ಹೀಗಾಗಿ ಇಂದು ಉಂಡವಳ್ಳಿಯ ಗೃಹಸ್ಥನಿಗೆ ಮೂರು ರಾಜ್ಯಗಳು ನೆರೆಯಲ್ಲಿವೆ. ಸರಕಾರ ತೆಲಂಗಾಣದ್ದು, ತುಂಗಭದ್ರೆಯ ಸೇತುವೆಯನ್ನು ದಾಟಿದರೆ ಆಂಧ್ರದ ಕರ್ನೂಲು, ನಂಟಸ್ತಿಕೆ, ಮದುವೆ, ಮಾತು ರಾಯಚೂರಿನ ಕಡೆಗೆ. ದಿನದ ಬಾಳಿಗೆ ಇದರಿಂದ ಬಾಧೆ ಕಡಿಮೆ. ಆದರೆ ವಿದ್ಯಾಭ್ಯಾಸಕ್ಕೆ ಇದು ದೊಡ್ಡ ತೊಡಕು.

ನಮ್ಮ ಅಜ್ಜಂದಿರ ಕಾಲದಲ್ಲಿ ಉನ್ನತ ಶಿಕ್ಷಣದ ಬಾಗಿಲಿಗೆ ಭಾಷೆಯೇ ಅಗುಳಿಯಾಗಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದುವೇ ಬೋಧನಾ ಮಾಧ್ಯಮವಾಗಿತ್ತು. ಕನ್ನಡದ ಹುಡುಗನು ಪರಭಾಷೆಯನ್ನು ಗೆದ್ದ ಬಳಿಕವೇ ಶಾಸ್ತ್ರಗಳ ಬಳಿಗೆ ಹೋಗಬೇಕಾಗಿತ್ತು. ಇಂದು ಆ ಅಗುಳಿ ಸಡಿಲವಾಗಿದೆ. ಅದರ ಸ್ಥಳದಲ್ಲಿ ಇನ್ನೊಂದು ಬಂದಿದೆ: ಯಾವ ರಾಜ್ಯದಲ್ಲಿ ಎಷ್ಟು ವರ್ಷ ಓದಿದೆ ಎಂಬ ಲೆಕ್ಕ. ಈ ಲೆಕ್ಕವನ್ನು ಅರಿಯದೆ ಮಕ್ಕಳನ್ನು ಊರಿಂದೂರಿಗೆ ಕಳುಹಿಸುವುದರಿಂದ ಉಂಟಾಗುವ ಹಾನಿಯನ್ನು ತಪ್ಪಿಸುವುದೇ ಈ ಭಾಷಣದ ಉದ್ದೇಶ.

ಮೊದಲು ತೆಲಂಗಾಣದ ನಿಯಮವನ್ನು ನೋಡೋಣ. ಸಂವಿಧಾನದ 371(ಡಿ) ವಿಧಿಯ ಮೇರೆಗೆ 1974ರಲ್ಲಿ ಹೊರಟ ರಾಷ್ಟ್ರಪತಿಗಳ ಆಜ್ಞೆಯು ನೂರರಲ್ಲಿ 85 ಸ್ಥಾನಗಳನ್ನು ಸ್ಥಳೀಯ ವಿದ್ಯಾರ್ಥಿಗಳಿಗೆ ಮೀಸಲಿರಿಸಿತು. ಸ್ಥಳೀಯನೆಂದರೆ ಇಲ್ಲಿ ಹುಟ್ಟಿದವನೆಂದು ಅನೇಕರು ಭಾವಿಸುತ್ತಾರೆ. ನಿಯಮದ ಅರ್ಥ ಬೇರೆ. ಅರ್ಹತಾ ಪರೀಕ್ಷೆಗೆ ಕುಳಿತ ವರ್ಷವೂ ಸೇರಿ, ಹಿಂದಿನ ನಾಲ್ಕು ವರ್ಷಗಳ ಕಾಲ ಎಡೆಬಿಡದೆ ಅಲ್ಲಿಯೇ ಓದಿದವನು ಸ್ಥಳೀಯನು. ಎಂದರೆ ಒಂಬತ್ತು, ಹತ್ತು, ಮತ್ತು ಇಂಟರಿನ ಎರಡು ವರ್ಷಗಳು. ಆಂಧ್ರದಲ್ಲಿಯೂ ಇದೇ ನಾಲ್ಕು ವರ್ಷಗಳ ಲೆಕ್ಕ ಉಂಟು.

2014ರ ವಿಭಜನೆಯ ಕಾನೂನು ಹಳೆಯ ಪ್ರವೇಶ ಪದ್ಧತಿಯನ್ನು ಹತ್ತು ವರ್ಷಗಳವರೆಗೆ ಮುಂದುವರಿಸಿತ್ತು. ಏಳು ವರ್ಷಗಳ ವ್ಯಾಸಂಗದಲ್ಲಿ ಹೆಚ್ಚು ಕಾಲ ಎಲ್ಲಿ ಕಳೆಯಿತೆಂಬುದನ್ನು ನೋಡಿ ಸ್ಥಳೀಯತೆಯನ್ನು ನಿರ್ಣಯಿಸುವ ಅವಕಾಶವೂ ಆಗ ಇತ್ತು. ಆದುದರಿಂದ ಕರ್ನೂಲಿನಲ್ಲಿ ಇಂಟರ್ ಓದಿದ ಹುಡುಗನು ಪಾರಾಗುತ್ತಿದ್ದನು. ಆ ಹತ್ತು ವರ್ಷಗಳು 2024ರ ಜೂನ್ ತಿಂಗಳಲ್ಲಿ ತೀರಿದವು. ಅನಂತರದ ನಿಯಮಗಳು ಬಿಗಿಯಾಗಿವೆ. ವೈದ್ಯಕೀಯ ಪ್ರವೇಶಕ್ಕಾಗಿ ತೆಲಂಗಾಣವು ಮಾಡಿದ ನಾಲ್ಕು ವರ್ಷಗಳ ನಿಯಮವನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರಿನಲ್ಲಿ ಎತ್ತಿಹಿಡಿದಿದೆ. ಇಂಜಿನಿಯರಿಂಗ್ ಮೊದಲಾದವುಗಳಿಗೆ ಉಳಿದ ನೂರಕ್ಕೆ 15 ಸ್ಥಾನಗಳಲ್ಲಿ, ತಂದೆತಾಯಿಗಳು ಹತ್ತು ವರ್ಷ ತೆಲಂಗಾಣದಲ್ಲಿ ವಾಸಿಸಿದ್ದರೆ, ಹೊರಗೆ ಓದಿದ ಮಗನೂ ಸ್ಪರ್ಧಿಸಬಹುದು. ಬಾಗಿಲು ಪೂರ್ಣವಾಗಿ ಮುಚ್ಚಿಲ್ಲವೆಂಬುದು ಸಮಾಧಾನದ ಮಾತು. ಆದರೆ ಎಂಬತ್ತೈದರ ಹೆಬ್ಬಾಗಿಲನ್ನು ಬಿಟ್ಟು ಹದಿನೈದರ ಕಿಂಡಿಯಲ್ಲಿ ನುಗ್ಗಬೇಕಾಗುವುದು.

ಇನ್ನು ಕರ್ನಾಟಕದ ನಿಯಮ. ಅಲ್ಲಿ ಸಿಇಟಿಯ ಮೂಲಕ ಸರಕಾರಿ ಸ್ಥಾನವನ್ನು ಬಯಸುವ ವಿದ್ಯಾರ್ಥಿಯು, ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿಯೊಳಗೆ ಒಟ್ಟು ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು; ಎಸ್‌ಎಸ್‌ಎಲ್‌ಸಿ ಅಥವಾ ಪಿಯುಸಿ ಪರೀಕ್ಷೆಯನ್ನು ಅಲ್ಲಿಯೇ ತೇರ್ಗಡೆಯಾಗಿರಬೇಕು. ಇದು ಸಾಮಾನ್ಯ ನಿಯಮ. ಇದಲ್ಲದೆ ಗಡಿನಾಡ ಕನ್ನಡಿಗರಿಗೆಂದೇ ಒಂದು ಕಲಮು ಉಂಟು. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯಾಗಿದ್ದು, ಗೊತ್ತುಪಡಿಸಿದ ತಾಲೂಕುಗಳಲ್ಲಿ ಓದಿ, ಕನ್ನಡ ಭಾಷಾ ಪರೀಕ್ಷೆಯಲ್ಲಿ ಉತ್ತೀರ್ಣರಾದವರಿಗೆ ಅದು ಅನ್ವಯಿಸುವುದು. ಆ ತಾಲೂಕುಗಳು ಯಾವುವು? ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ; ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ಆಲಂಪುರ, ಗದ್ವಾಲ, ಮಕ್ತಲ್, ನಾರಾಯಣಪೇಟೆಗಳ ಹೆಸರು ಆ ಪಟ್ಟಿಯಲ್ಲಿಲ್ಲ. ಮನೆಯಲ್ಲಿ ಕನ್ನಡವಾಡುವೆವು, ಆದುದರಿಂದ ಗಡಿನಾಡಿನ ಸ್ಥಾನ ನಮಗೆ ಸಲ್ಲುವುದೆಂದು ನಂಬಿ ಅರ್ಜಿ ಹಾಕುವವರು ಈ ಸಂಗತಿಯನ್ನು ಮೊದಲೇ ತಿಳಿದಿರಬೇಕು. ರಾಯಚೂರು ಮೊದಲಾದ ಜಿಲ್ಲೆಗಳಿಗೆ 371(ಜೆ) ವಿಧಿಯಿಂದ ದೊರೆತ ಮೀಸಲಾತಿಯೂ 1956ರಲ್ಲಿ ಅವುಗಳಿಂದ ಬೇರ್ಪಟ್ಟ ನಮ್ಮ ತಾಲೂಕುಗಳಿಗೆ ವಿಸ್ತರಿಸಿಲ್ಲ.

ಒಂದು ಮನೆಯಲ್ಲಿ ಮೂವರು ಮಕ್ಕಳಿರುವರೆಂದು ಭಾವಿಸೋಣ. ಮೂವರೂ ಹತ್ತನೆಯ ತರಗತಿಯವರೆಗೆ ಇಲ್ಲಿಯೇ ಓದಿದರು. ಹಿರಿಯ ಮಗಳು ಗದ್ವಾಲದಲ್ಲಿ ಇಂಟರ್ ಮುಗಿಸಿದಳು. ಆಕೆಗೆ ನಾಲ್ಕು ವರ್ಷ ತುಂಬಿತು. ತೆಲಂಗಾಣದಲ್ಲಿ ಆಕೆ ಸ್ಥಳೀಯಳು. ನಡುವಣ ಮಗನನ್ನು, ಹತ್ತಿರವೆಂಬ ಕಾರಣಕ್ಕೆ, ಕರ್ನೂಲಿನ ಕಾಲೇಜಿಗೆ ಸೇರಿಸಿದರು. ಅವನಿಗೆ ಇಲ್ಲಿ ಎರಡು ವರ್ಷ, ಅಲ್ಲಿ ಎರಡು ವರ್ಷ. ಎರಡೂ ಕಡೆ ನಾಲ್ಕು ತುಂಬಲಿಲ್ಲ. ಕಿರಿಯವನನ್ನು ಸೋದರಮಾವನ ಮನೆಯಲ್ಲಿರಿಸಿ ರಾಯಚೂರಿನಲ್ಲಿ ಪಿಯುಸಿ ಓದಿಸಿದರು. ಅವನಿಗೆ ಕರ್ನಾಟಕದಲ್ಲಿ ಏಳರ ಬದಲು ಎರಡೇ ವರ್ಷ. ತೆಲಂಗಾಣದ ನಾಲ್ಕೂ ಕಡಿದುಹೋಯಿತು. ಮೂವರಲ್ಲಿ ಅತಿ ಹೆಚ್ಚು ಅಂಕ ಪಡೆದವನು ಕಿರಿಯವನೇ ಆಗಿದ್ದರೂ ಲೆಕ್ಕ ಬದಲಾಗದು. ಇಲ್ಲಿ ಅಪರಾಧ ಮಕ್ಕಳದಲ್ಲ, ಪೋಷಕರದೂ ಅಲ್ಲ. ನಿಯಮಗಳು ಒಂದೊಂದು ರಾಜ್ಯದ ನಡುಭಾಗದಲ್ಲಿ ನೆಲೆಸಿದವರನ್ನು ಎಣಿಸಿ ರಚಿತವಾಗಿವೆ. ಅಂಚಿನಲ್ಲಿ ಬಾಳುವವರು ಎರಡರ ಸಂದಿಯಲ್ಲಿ ಬೀಳುತ್ತಾರೆ.

ಆ ಕಿರಿಯವನಿಗೆ ಮಾತ್ರ ಒಂದು ದಾರಿ ಉಳಿದಿರಬಹುದು. ಕರ್ನಾಟಕದ ಇನ್ನೊಂದು ಕಲಮಿನ ಪ್ರಕಾರ, ಪಿಯುಸಿಯ ಎರಡೂ ವರ್ಷ ಅಲ್ಲಿ ಓದಿ ತೇರ್ಗಡೆಯಾದವನ ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಹತ್ತು ವರ್ಷ ಓದಿದ್ದರೆ ಅವನು ಅರ್ಹನಾಗುತ್ತಾನೆ. ನಮ್ಮ ಊರುಗಳ ಎಷ್ಟೋ ಸೊಸೆಯಂದಿರ ತವರು ರಾಯಚೂರಿನ ಕಡೆಯದು. ತಾಯಂದಿರೇ, ತಾವು ತವರಿನಲ್ಲಿ ಹತ್ತನೆಯ ತರಗತಿಯವರೆಗೆ ಓದಿದ್ದರೆ, ಆ ಶಾಲೆಯ ದಾಖಲೆ ಇಂದು ತಮ್ಮ ಮಗನ ಆಸ್ತಿ. ಶಾಲೆಯ ಮುಖ್ಯೋಪಾಧ್ಯಾಯರಿಂದ ವ್ಯಾಸಂಗ ಪ್ರಮಾಣಪತ್ರವನ್ನು ಪಡೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜುವನ್ನು ಮಾಡಿಸಿ ಈಗಲೇ ತೆಗೆದಿರಿಸಿಕೊಳ್ಳಿರಿ. ಹೆಣ್ಣುಮಗಳನ್ನು ಓದಿಸಿದರೆ ಏನು ಫಲವೆಂದು ಕೇಳುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಹೀಗಿರುವಲ್ಲಿ ನಾವು ಮಾಡತಕ್ಕದ್ದೇನು?

ಮೊದಲನೆಯದಾಗಿ, ನಿರ್ಣಯವನ್ನು ಬೇಗ ಮಾಡಬೇಕು. ತೆಲಂಗಾಣದಲ್ಲಿಯೇ ಪದವಿ ಓದಿಸುವ ವಿಚಾರವಿದ್ದರೆ ಒಂಬತ್ತನೆಯ ತರಗತಿಯಿಂದ ಹನ್ನೆರಡರವರೆಗೆ ಮಗುವನ್ನು ರಾಜ್ಯದ ಹೊರಗೆ ಕಳುಹಿಸಬಾರದು. ಕರ್ನಾಟಕದ ಸ್ಥಾನವೇ ಬೇಕೆಂದಿದ್ದರೆ ಆರನೆಯ ತರಗತಿಗೇ ಅಲ್ಲಿ ಸೇರಿಸಬೇಕು; ಆರರಿಂದ ಹನ್ನೆರಡರವರೆಗೆ ಎಣಿಸಿದರೆ ಸರಿಯಾಗಿ ಏಳು ವರ್ಷ. ಏಳನೆಯ ತರಗತಿಗೆ ಸೇರಿಸಿದವನಿಗೆ ಒಂದು ವರ್ಷ ಕೊರತೆ ಬೀಳುವುದು.

ಎರಡನೆಯದಾಗಿ, ಈ ಲೆಕ್ಕಗಳ ತೊಡಕಿಲ್ಲದ ಬಾಗಿಲುಗಳೂ ಇವೆಯೆಂಬುದನ್ನು ಅರಿಯಬೇಕು. ಕೇಂದ್ರೀಯ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಯು ಯಾವ ರಾಜ್ಯದಲ್ಲಿ ಓದಿದನೆಂದು ಕೇಳುವುದಿಲ್ಲ. 2022ರಿಂದ ಅವುಗಳ ಪದವಿ ಪ್ರವೇಶಕ್ಕೆ ಸಿಯುಇಟಿ ಎಂಬ ಪರೀಕ್ಷೆ ನಡೆಯುತ್ತಿದೆ. ಅದನ್ನು ಬರೆಯಲು ಅವಕಾಶವಿರುವ ಹದಿಮೂರು ಭಾಷೆಗಳಲ್ಲಿ ಕನ್ನಡವೂ ಒಂದು. 2009ರಲ್ಲಿ ಆರಂಭವಾದ, ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ನಮಗೆ ದೂರವಲ್ಲ. ಉಂಡವಳ್ಳಿಯ ಹುಡುಗಿಯೊಬ್ಬಳು ಕನ್ನಡದಲ್ಲಿ ಪರೀಕ್ಷೆ ಬರೆದು ಕನ್ನಡ ನಾಡಿನ ವಿಶ್ವವಿದ್ಯಾಲಯವನ್ನು ಸೇರಲು ಯಾವ ಗಡಿಯೂ ಅಡ್ಡವಿಲ್ಲ. ಇದನ್ನು ನಮ್ಮ ಮಕ್ಕಳು ಹೆಚ್ಚಾಗಿ ಉಪಯೋಗಿಸಿಕೊಳ್ಳಬೇಕು.

ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಓದಬಯಸುವವರಿಗೆ ಮನೆಯ ಬಳಿಯಲ್ಲಿಯೇ ಅನುಕೂಲವಿದೆ. ತೆಲಂಗಾಣದಲ್ಲಿ 2016ರಿಂದ ಈ ಪ್ರವೇಶಗಳೆಲ್ಲ ದೋಸ್ತ್ ಎಂಬ ಒಂದೇ ವ್ಯವಸ್ಥೆಯಲ್ಲಿ ನಡೆಯುತ್ತಿವೆ. ಇಂಟರ್ ತೇರ್ಗಡೆಯಾದವರು ಹೆಸರು ನೋಂದಾಯಿಸಿ, ತಮಗೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ಸೂಚಿಸಬೇಕು. ಆಧಾರಿಗೆ ಜೋಡಿಸಿದ ಫೋನ್ ಸಂಖ್ಯೆ ಇಲ್ಲದೆ ನೋಂದಣಿ ಸುಲಭವಲ್ಲ. ಇದನ್ನು ಫಲಿತಾಂಶ ಬರುವ ಮೊದಲೇ ಸರಿಪಡಿಸಿಕೊಳ್ಳಬೇಕು. ಗದ್ವಾಲದ ಮಹಾರಾಣಿ ಆದಿಲಕ್ಷ್ಮೀ ದೇವಮ್ಮನವರ ಹೆಸರಿನ ಸರಕಾರಿ ಪದವಿ ಕಾಲೇಜು, 2008ರಲ್ಲಿ ಮಹಬೂಬನಗರದಲ್ಲಿ ಸ್ಥಾಪಿತವಾದ ಪಾಲಮೂರು ವಿಶ್ವವಿದ್ಯಾಲಯ, ಇವು ನಮ್ಮವೇ. ಇಂತಹ ಕಾಲೇಜುಗಳಲ್ಲಿ ಓದುವುದು ಕೀಳೆಂದು ಯಾರೂ ಭಾವಿಸಬೇಕಾಗಿಲ್ಲ.

ಮೂರನೆಯದಾಗಿ, ಅಂಕಗಳ ಮಿತಿ. ಇಂಜಿನಿಯರಿಂಗ್ ಪ್ರವೇಶಕ್ಕೆ ಪ್ರವೇಶ ಪರೀಕ್ಷೆಯ ಶ್ರೇಣಿಯೊಂದೇ ಸಾಲದು. ಹನ್ನೆರಡನೆಯ ತರಗತಿಯ ಗೊತ್ತಾದ ವಿಷಯಗಳಲ್ಲಿ ನೂರಕ್ಕೆ 45, ಮೀಸಲಾತಿಗೆ ಒಳಪಟ್ಟವರಿಗೆ 40 ಅಂಕಗಳು ಬಂದಿರಬೇಕು. ಗಣಿತವನ್ನು ಬಿಟ್ಟವನಿಗೆ ಆ ಬಾಗಿಲು ಬಹುಮಟ್ಟಿಗೆ ಇಂಟರಿನ ಮೊದಲ ದಿನವೇ ಮುಚ್ಚುವುದು. ಹತ್ತನೆಯ ತರಗತಿಯ ಬಳಿಕ ವಿಷಯಗಳನ್ನು ಆರಿಸುವಾಗ ಇದು ನೆನಪಿರಲಿ.

ನಾಲ್ಕನೆಯದಾಗಿ, ಕಾಗದಪತ್ರಗಳು. ಪ್ರತಿ ಶಾಲೆಯನ್ನು ಬಿಡುವಾಗಲೂ ಅಲ್ಲಿ ಓದಿದ ವರ್ಷಗಳ ಪ್ರಮಾಣಪತ್ರವನ್ನು ಪಡೆಯಿರಿ. ಹಿಂದಿನಿಂದ ಹುಡುಕಹೋದರೆ ಶಾಲೆಯೇ ಮುಚ್ಚಿರಬಹುದು. ಹೆಸರಿನ ವಿಷಯದಲ್ಲಿ ಎಚ್ಚರವಿರಲಿ. ತೆಲುಗು ಪದ್ಧತಿಯಲ್ಲಿ ಮನೆತನದ ಹೆಸರು ಮೊದಲು ಬರುವುದು. ನಮ್ಮವರಲ್ಲಿ ಅನೇಕರು ತಂದೆಯ ಹೆಸರನ್ನು ಸೇರಿಸುವರು. ಶಾಲೆಯಲ್ಲೊಂದು, ಆಧಾರಿನಲ್ಲೊಂದು, ಜಾತಿ ಪ್ರಮಾಣಪತ್ರದಲ್ಲಿ ಮತ್ತೊಂದು ಆದರೆ ಪರಿಶೀಲನೆಯ ದಿನ ಕಣ್ಣೀರಿಡಬೇಕಾಗುವುದು. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಹೆಸರು ಹೇಗಿದೆಯೋ ಉಳಿದವೆಲ್ಲವೂ ಹಾಗೆಯೇ ಇರತಕ್ಕದ್ದು.

ಜಾತಿಯ ಮೀಸಲಾತಿಯೂ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆ. ರಾಯಚೂರಿನ ನಾಯಕ, ವಾಲ್ಮೀಕಿ ಬಂಧುಗಳು ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವರು. ನಮ್ಮ ಕಡೆಯ ವಾಲ್ಮೀಕಿ ಬೋಯರು ತೆಲಂಗಾಣದಲ್ಲಿ ಹಿಂದುಳಿದ ವರ್ಗದ ‘ಎ’ ಗುಂಪಿನವರು. ಅಣ್ಣತಮ್ಮಂದಿರ ಮಕ್ಕಳೇ ಆದರೂ ಒಬ್ಬರ ಪ್ರಮಾಣಪತ್ರದ ಬಲವನ್ನು ನೋಡಿ ಇನ್ನೊಬ್ಬರು ಅರ್ಜಿ ತುಂಬಬಾರದು.

ಕೊನೆಯದಾಗಿ ಭಾಷೆಯ ಮಾತು. 2018ರ ಕಾನೂನಿನಿಂದ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯವಾಗಿದೆ. ಮಕ್ಕಳು ಅದನ್ನು ಚೆನ್ನಾಗಿ ಕಲಿಯಲಿ. ನೆರೆಯವರ ಭಾಷೆಯನ್ನು ಬಲ್ಲವನಿಗೆ ನಷ್ಟವಿಲ್ಲ. ಆದರೆ ಕನ್ನಡವನ್ನು ಆಡಲು ಮಾತ್ರ ಬಲ್ಲವನು ಕನ್ನಡದ ಪರೀಕ್ಷೆಯಲ್ಲಿ ಕುಳಿತು ಏನು ಬರೆದಾನು? ಕೃಷ್ಣಾ ಮಂಡಲದಂತಹ ಕೆಲವು ಕಡೆ ಕನ್ನಡ ಮಾಧ್ಯಮದ ಶಾಲೆಗಳುಂಟು. ಅವಿಲ್ಲದ ಊರುಗಳಲ್ಲಿ ಸಂಜೆಯ ಒಂದು ಗಳಿಗೆಯನ್ನು ಕನ್ನಡದ ಓದುಬರಹಕ್ಕೆ ಮೀಸಲಿಡುವ ಹೊಣೆ ಮನೆಯವರದು.

ಸರಕಾರಗಳಲ್ಲಿ ನಮ್ಮ ಬಿನ್ನಹಗಳು ಎರಡು. ಕರ್ನಾಟಕವು ಗಡಿನಾಡ ಕನ್ನಡಿಗರ ಪಟ್ಟಿಯಲ್ಲಿ ಆಲಂಪುರ, ಗದ್ವಾಲ, ಮಕ್ತಲ್, ನಾರಾಯಣಪೇಟೆಗಳ ಕನ್ನಡ ಮಕ್ಕಳನ್ನೂ ಸೇರಿಸಿಕೊಳ್ಳಲಿ. ತೆಲಂಗಾಣವು, ತಂದೆತಾಯಿಗಳು ಇಲ್ಲಿಯೇ ನೆಲೆಸಿರುವಲ್ಲಿ, ಹತ್ತಿರದ ಹೊರರಾಜ್ಯದಲ್ಲಿ ಎರಡು ವರ್ಷ ಓದಿದ ಗಡಿಯ ಮಕ್ಕಳನ್ನು ಸ್ಥಳೀಯರೆಂದೇ ಎಣಿಸಲಿ. ಈ ಬಿನ್ನಹಗಳು ನೆರವೇರಲು ಕಾಲ ಬೇಕು. ಒಂಬತ್ತನೆಯ ತರಗತಿಯಲ್ಲಿರುವ ಮಗು ಅಷ್ಟು ದಿನ ಕಾಯಲಾರದು. ನಿಯಮಗಳು ವರ್ಷವರ್ಷವೂ ತಿದ್ದುಪಡಿಯಾಗುವುದುಂಟು. ಆದುದರಿಂದ ಆಯಾ ವರ್ಷದ ಪ್ರವೇಶ ಕೈಪಿಡಿಯನ್ನು ಊರಿನ ಓದಿದವರು ತರಿಸಿ, ಓದುಬಾರದ ಪೋಷಕರಿಗೆ ಚಾವಡಿಯಲ್ಲಿ ಓದಿ ಹೇಳಬೇಕೆಂದು ಪ್ರಾರ್ಥಿಸುತ್ತೇವೆ. ಒಂದು ಮನೆಯವರು ತಿಳಿದುದನ್ನು ಹತ್ತು ಮನೆಯವರಿಗೆ ತಿಳಿಸಿದರೆ ಬರುವ ಜೂನ್ ತಿಂಗಳಲ್ಲಿ ನಮ್ಮ ಮಕ್ಕಳಾರೂ ಲೆಕ್ಕ ತಪ್ಪಿ ಹಿಂದಿರುಗಬೇಕಾಗಿಲ್ಲ.