ಪುರುಸೊತ್ತಿಲ್ಲದ ನಿವೃತ್ತಿ

ನಿವೃತ್ತಿಯ ದಿನ ಹಾರ ಹಾಕಿ, ಶಾಲು ಹೊದಿಸಿ, "ಇನ್ನು ಆರಾಮ ಬಿಡಿ ಸಾರ್" ಎಂದು ಕಳಿಸಿಕೊಡುತ್ತಾರೆ. ಆರಾಮ ಒಂದು ವಾರ ಇರುತ್ತದೆ. ಆಮೇಲೆ ಹಾಲು, ಕರೆಂಟ್ ಬಿಲ್ಲು, ಮೊಮ್ಮಗಳ ಸ್ಕೂಲ್ ಬಸ್ಸು. ನವೆಂಬರ್ ಬಂದರೆ ಪಿಂಚಣಿಗಾಗಿ ಬದುಕಿದ್ದೇನೆಂದು ರುಜುವಾತು ಬೇರೆ! "ನಿಮಗೇನು, ಮನೇಲೇ ಇರ್ತೀರಲ್ಲ" ಎನ್ನುವ ಒಂದು ಮಾತಿಗೆ ಇಡೀ ದಿನ ಹೋಯಿತು. ನಿಜ ಹೇಳಬೇಕೆಂದರೆ, ನಮ್ಮ ಈ ಗೊಣಗಾಟದಲ್ಲಿ ಸ್ವಲ್ಪ ಜಂಬವೂ ಉಂಟು.

ಹೀಗೆ ಗೊಣಗುವಾಗ ನನಗೆ ಪ್ರೊ. ಜಿ. ವೆಂಕಟಸುಬ್ಬಯ್ಯನವರು ನೆನಪಾಗುತ್ತಾರೆ. 1913ರಲ್ಲಿ ಹುಟ್ಟಿದವರು, ಬೆಂಗಳೂರಿನ ವಿಜಯಾ ಕಾಲೇಜಿನಿಂದ 1973ರಲ್ಲಿ ನಿವೃತ್ತರಾದರು. ಆದರೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಅವರನ್ನು ಬಿಡಲಿಲ್ಲ. ಒಂದೊಂದು ಪದಕ್ಕೂ ಶಾಸನ, ಕಾವ್ಯಗಳನ್ನು ಜಾಲಾಡಿ, ಪ್ರಯೋಗಗಳನ್ನು ಜೋಡಿಸಿ ಅರ್ಥ ನಿರ್ಣಯಿಸುವ ಕೆಲಸ ಅದು, ಅವಸರಕ್ಕೆ ಒಗ್ಗುವುದಿಲ್ಲ. ಎಂಬತ್ತು ಹತ್ತಿರವಾದಾಗ, 1991ರಲ್ಲಿ, ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಅಂಕಣ ಶುರುಮಾಡಿದರು. ಓದುಗರು ಪದ ಕೇಳುವುದು, ಇವರು ಹುಡುಕಿ ಹೇಳುವುದು. ಪದ್ಮಶ್ರೀ ಬಂದದ್ದು 2017ರಲ್ಲಿ, ನೂರು ದಾಟಿದ ಮೇಲೆ.

2021ರಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ. ನಿವೃತ್ತಿಯಾಗಿ ಸುಮಾರು 48 ವರ್ಷವಾಗಿತ್ತು.